ಹಗ್ಗ ಎಳೆದರೂ ನಿಲ್ಲದ ಬೆಲ್ಟ್

ಹೊಳೆಮ್ಮ ಹುಟ್ಟಿದ್ದು ಕಂಪ್ಲಿ ಹತ್ತಿರದ ಎಮ್ಮಿಗನೂರಿನಲ್ಲಿ. ತಂದೆ ಪಕ್ಕೀರಪ್ಪ, ತಾಯಿ ಬಸಕ್ಕ ಇಬ್ಬರೂ ಬೇರೆಯವರ ಗದ್ದೆಯಲ್ಲಿ ನಾಟಿ ಹಚ್ಚಿ, ಕಬ್ಬು ಕಡಿದು ಬದುಕಿದವರು. ಸಂಡೂರಿನ ಗುಡ್ಡದಲ್ಲಿ ಅದಿರಿನ ಕೆಲಸ ವರ್ಷವಿಡೀ ಇರುತ್ತದೆ ಎಂದು ಯಾರೋ ಹೇಳಿದರು. ಕೂಸನ್ನು ಸೊಂಟಕ್ಕೇರಿಸಿಕೊಂಡು ಇಬ್ಬರೂ ಊರು ಬಿಟ್ಟರು. ದೋಣಿಮಲೈಗೆ ಹೋಗುವ ದಾರಿಯಲ್ಲಿ, ಒಂದು ಖಾಸಗಿ ಗಣಿಯ ಕೆಳಗೆ, ತಗಡಿನ ಶೆಡ್ಡುಗಳ ಸಾಲಿನಲ್ಲಿ ಅವರಿಗೂ ಒಂದು ಶೆಡ್ಡು ಸಿಕ್ಕಿತು.

ಪಕ್ಕೀರಪ್ಪ ಲಾರಿಗೆ ಅದಿರು ತುಂಬುತ್ತಿದ್ದ. ಬಸಕ್ಕ ಹೆಂಗಸರ ಗ್ಯಾಂಗಿನಲ್ಲಿ ಕುಳಿತು ದೊಡ್ಡ ಕಲ್ಲುಗಳನ್ನು ಸುತ್ತಿಗೆಯಿಂದ ಒಡೆದು, ಗಟ್ಟಿ ಅದಿರನ್ನು ಒಂದು ಕಡೆಗೆ, ಪುಡಿಯನ್ನು ಇನ್ನೊಂದು ಕಡೆಗೆ ಹಾಕುತ್ತಿದ್ದಳು. ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ದ್ಯಾಮಕ್ಕ. ಹೊಳೆಮ್ಮನ ಜೋಲಿ ಕಟ್ಟಿದ್ದು ಅವರಿಬ್ಬರ ನಡುವೆ. ಬಸಕ್ಕನಿಗೆ ಮೊಣಕಾಲು ನೋವು, ಬೇಕಾದಂತೆ ಕಾಲು ಚಾಚಲಾಗುತ್ತಿರಲಿಲ್ಲ. ಹಾಗಾಗಿ ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ ಒಂದು ಕಾಲಿನಿಂದ ಆ ಜೋಲಿ ತೂಗುತ್ತಿದ್ದವಳು ದ್ಯಾಮಕ್ಕ. ಮುಂದೆ ಹುಡುಗಿ ಮಾತು ಕಲಿತಾಗ ಅವಳನ್ನು ದೊಡ್ಡವ್ವ ಎಂದೇ ಕರೆದಳು.

ಆ ಸಾಲಿನ ಮಕ್ಕಳಲ್ಲಿ ಹೆಚ್ಚಿನವರು ಐದನೆಯ ತರಗತಿಯ ಹೊತ್ತಿಗೆ ಸುತ್ತಿಗೆ ಹಿಡಿಯುತ್ತಿದ್ದರು. ಹೊಳೆಮ್ಮ ಹಿಡಿಯಲಿಲ್ಲ. ಶಾಲೆಯ ಹೆಡ್‌ಮಾಸ್ತರರು ಬಸಕ್ಕನನ್ನು ಕರೆಸಿ, "ಈ ಹುಡುಗಿಗೆ ಲೆಕ್ಕ ಭಾಳ ಚಲೋ ಬರ್ತದ, ಬಿಡಿಸಬ್ಯಾಡವ್ವ" ಎಂದಿದ್ದರು. ಬಸಕ್ಕ ಆ ಮಾತನ್ನು ಗ್ಯಾಂಗಿಗೆಲ್ಲ ಹೇಳಿಕೊಂಡು ಬಂದಳು. ಅಲ್ಲಿಂದ ಹೊಳೆಮ್ಮ ಒಬ್ಬಳ ಮಗಳಾಗಿ ಉಳಿಯಲಿಲ್ಲ. ಪರೀಕ್ಷೆ ಬಂದರೆ ಗ್ಯಾಂಗಿನ ಹೆಂಗಸರು ಅವಳಿಗೆ ನೀರು ತರಲು ಬಿಡುತ್ತಿರಲಿಲ್ಲ. ಸರದಿಯಲ್ಲಿ ತಾವೇ ಬಸಕ್ಕನ ಕೊಡ ತುಂಬಿಕೊಡುತ್ತಿದ್ದರು. ಹತ್ತನೆಯ ತರಗತಿ ಚೆನ್ನಾಗಿಯೇ ಪಾಸಾಯಿತು. ಹೆಡ್‌ಮಾಸ್ತರರೇ ಓಡಾಡಿ ಹೊಸಪೇಟೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಸೀಟು ಕೊಡಿಸಿ, ಹುಡುಗಿಯರ ಹಾಸ್ಟೆಲಿಗೆ ಸೇರಿಸಿದರು.

ಹಾಸ್ಟೆಲಿನಲ್ಲಿ ಮೊದಲ ದಿನ ತಲೆಗೆ ನೀರು ಹಾಕಿಕೊಂಡಾಗ ಬಚ್ಚಲಿನಲ್ಲಿ ಹರಿದದ್ದು ಅದಿರಿನ ಧೂಳಿನ ಕೆಂಪು ನೀರು. ಪಕ್ಕದಲ್ಲಿದ್ದ ಹುಡುಗಿ ಹೆದರಿ ಕೂಗಿಕೊಂಡಳು. ಹೊಳೆಮ್ಮನಿಗೆ ನೀರು ಹಾಗಲ್ಲದೆ ಬೇರೆ ಬಣ್ಣದಲ್ಲಿ ಹರಿಯುತ್ತದೆ ಎಂದು ಗೊತ್ತಾದದ್ದೇ ಅಲ್ಲಿ, ವಾರ ಕಳೆದ ಮೇಲೆ.

ಪಾಲಿಟೆಕ್ನಿಕ್‌ನಲ್ಲಿ ಗಂಗಾಂಬಿಕಾ ಮೇಡಂ ಕಂಟ್ರೋಲ್ ಸರ್ಕ್ಯೂಟುಗಳ ಪಾಠ ಮಾಡುತ್ತಿದ್ದರು. ಹೊಸಪೇಟೆಯವರೇ. ಹಣೆಗೆ ವಿಭೂತಿ ಹಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗರ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ತಾವೇ ತಂತಿ ಜೋಡಿಸಿ ತೋರಿಸುವವರು. ಮೊದಲ ಪ್ರಯೋಗ ಎರಡು ಬಟನ್, ರಿಲೇ ಎಂಬ ಕರೆಂಟಿನಿಂದ ನಡೆಯುವ ಒಂದು ಸ್ವಿಚ್ಚು, ಒಂದು ದೀಪ. ಬಟನ್ ಒತ್ತಿ ಬೆರಳು ತೆಗೆದರೂ ದೀಪ ಉರಿಯುತ್ತಲೇ ಇರಬೇಕು. ಇನ್ನೊಂದನ್ನು ಒತ್ತಿದಾಗ ಮಾತ್ರ ಆರಬೇಕು. ಉಳಿದವರು ಪುಸ್ತಕದ ಚಿತ್ರ ನೋಡಿ ಜೋಡಿಸುತ್ತಿರುವಾಗ ಹೊಳೆಮ್ಮ ಕಣ್ಣು ಮುಚ್ಚಿ ಕರೆಂಟು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮನಸ್ಸಿನಲ್ಲೇ ನಡೆದು ನೋಡಿದಳು. ಆಮೇಲೆ ಜೋಡಿಸಿದಳು. ರಿಲೇ ಟಿಕ್ ಎಂದಿತು, ದೀಪ ಹತ್ತಿತು, ಬೆರಳು ತೆಗೆದರೂ ಉರಿಯುತ್ತಲೇ ಇತ್ತು. ಜಗತ್ತಿನಲ್ಲಿ ಒಂದು ವಸ್ತು ತಾನು ಹೇಳಿದಂತೆ ಕೇಳಿದ್ದು ಅವಳಿಗೆ ಅದೇ ಮೊದಲು. ಆ ಸಂತೋಷವನ್ನು ಯಾರಿಗೆ ಹೇಗೆ ಹೇಳಬೇಕೆಂದು ತಿಳಿಯದೆ ಊಟದ ಹೊತ್ತಿನವರೆಗೂ ಅಲ್ಲೇ ಕುಳಿತಿದ್ದಳು.

ಗಂಗಾಂಬಿಕಾ ಮೇಡಂ ಪ್ರತಿ ವರ್ಷ ಹೇಳುತ್ತಿದ್ದ ಮಾತೊಂದಿತ್ತು: "ಮಷಿನ್ ಚಾಲೂ ಮಾಡೋದಕ್ಕ ಎಷ್ಟು ಶರತ್ತು ಬೇಕಾದ್ರೂ ಹಾಕ್ರಿ. ನಿಲ್ಲಿಸೋದಕ್ಕ ಒಂದೂ ಹಾಕಬ್ಯಾಡ್ರಿ. ನಿಲ್ಲು ಅಂದ್ರ ನಿಲ್ಲಬೇಕು, ಅಷ್ಟ."

ಎರಡನೆಯ ವರ್ಷದಲ್ಲಿ ಪಕ್ಕೀರಪ್ಪ ತೀರಿಕೊಂಡ. ಕೆಮ್ಮಿ ಕೆಮ್ಮಿ ಒಣಗಿ ಹೋಗಿದ್ದ. ಮಣ್ಣು ಮಾಡಿ ಬಂದ ಮೇಲೆ ಹೊಳೆಮ್ಮ, "ನಾ ಇನ್ನ ಹೋಗಂಗಿಲ್ಲ, ಇಲ್ಲೇ ನಿನ್ನ ಕೂಡ ಇರ್ತೀನಿ" ಎಂದಳು. ಬಸಕ್ಕ ಬಾಯಿ ತೆರೆಯುವ ಮೊದಲೇ ದ್ಯಾಮಕ್ಕ ಗದರಿದಳು: "ಇಲ್ಲಿದ್ದು ಏನ್ ಮಾಡ್ತಿ? ನಿಮ್ಮಪ್ಪನ ಹಂಗ ಕೆಮ್ಮತಿಯೇನ? ಜಲ್ದಿ ಬಸ್ ಹತ್ತು ನಡಿ." ಅವಳೇ ಜೊತೆಗೆ ರಸ್ತೆಯವರೆಗೆ ಬಂದು ಬಸ್ಸು ಹತ್ತಿಸಿದಳು.

ಡಿಪ್ಲೊಮಾ ಮುಗಿದು ಒಂದೆರಡು ವರ್ಷ ಹೊಳೆಮ್ಮ ಹೊಸಪೇಟೆಯಲ್ಲಿ ಯುಪಿಎಸ್ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಕೆಲಸ ಮಾಡಿದಳು. ಅಷ್ಟರಲ್ಲಿ ಸಂಡೂರಿನ ಗುಡ್ಡಗಳ ಚಹರೆಯೇ ಬದಲಾಗಿತ್ತು. ಚೀನಾದವರು ಎಷ್ಟು ಕೊಟ್ಟರೂ ಅದಿರು ಬೇಕು ಎನ್ನುತ್ತಾರಂತೆ ಎಂಬ ಮಾತು ಚಹಾದ ಅಂಗಡಿಯಲ್ಲೂ ಕೇಳಿಸುತ್ತಿತ್ತು. ಟಿಪ್ಪರುಗಳ ಸಾಲು ಹೊಸಪೇಟೆಯ ದಾರಿಯುದ್ದಕ್ಕೂ ನಿಂತಿರುತ್ತಿತ್ತು. ಬಸಕ್ಕನ ಗ್ಯಾಂಗು ಕೆಲಸ ಮಾಡುತ್ತಿದ್ದ ಗಣಿಯವರು ಸುತ್ತಿಗೆಯ ವೇಗವನ್ನು ನೆಚ್ಚಿಕೊಂಡು ಕೂರಲು ತಯಾರಿರಲಿಲ್ಲ. ಕಲ್ಲು ಒಡೆದು, ಜರಡಿ ಹಿಡಿದು, ಬೇರೆ ಬೇರೆ ರಾಶಿ ಹಾಕುವ ದೊಡ್ಡ ಯಂತ್ರಸ್ಥಾವರ ತರಿಸಿದರು. ಅದನ್ನು ಕಂಪ್ಯೂಟರಿನಿಂದ ನಡೆಸಬೇಕು. ಪ್ಲಾಂಟಿನ ಎಂಜಿನಿಯರ್ ವೀರೇಶ್, ಹೊಸಪೇಟೆಯ ಹುಡುಗ, ಗಂಗಾಂಬಿಕಾ ಮೇಡಂ ಅವರ ಹಳೆಯ ವಿದ್ಯಾರ್ಥಿ. ಕಂಟ್ರೋಲ್ ರೂಮಿಗೆ ಜನ ಬೇಕೆಂದು ಅವರಲ್ಲಿ ಕೇಳಿದ. ಅವರು ಹೇಳಿದ್ದು ಒಂದೇ ಹೆಸರು.

ಹೀಗೆ ಹೊಳೆಮ್ಮ ತಾನು ಜೋಲಿಯಲ್ಲಿ ಮಲಗಿದ್ದ ಗಣಿಗೇ ಕೆಲಸಕ್ಕೆ ಬಂದಳು.

ಯಂತ್ರ ತಂದ ಪುಣೆಯವರ ಜೊತೆ ಕುಳಿತು ಅವಳು ಅದರ ಪ್ರೋಗ್ರಾಮು ಕಲಿತಳು. ಪಾಲಿಟೆಕ್ನಿಕ್‌ನಲ್ಲಿ ತಂತಿ, ರಿಲೇಗಳಲ್ಲಿ ಮಾಡಿದ್ದನ್ನೇ ಇಲ್ಲಿ ಪರದೆಯ ಮೇಲೆ ಗೆರೆ ಎಳೆದು ಮಾಡಬೇಕು. ಯಾವ ಬೆಲ್ಟು ಮೊದಲು ಓಡಬೇಕು, ಮುಂದಿನದು ನಿಂತರೆ ಹಿಂದಿನದು ಹೇಗೆ ನಿಲ್ಲಬೇಕು, ಎಲ್ಲವೂ ಅದರೊಳಗೆ. ತಿಂಗಳುಗಳಲ್ಲಿ ಅವಳು ಆ ಪ್ಲಾಂಟನ್ನು ಅಂಗೈ ರೇಖೆಯಂತೆ ತಿಳಿದುಕೊಂಡಳು. ಪುಣೆಯವರು ಹೊರಟಾಗ ವೀರೇಶನಿಗೆ, ಇನ್ನು ನಮಗೆ ಫೋನ್ ಮಾಡುವ ಅಗತ್ಯವಿಲ್ಲ, ಈಕೆ ಇದ್ದಾಳೆ ಎಂದು ಹೇಳಿ ಹೋದರು.

ಬಸಕ್ಕ ಒಂದು ದಿನ ಗ್ಯಾಂಗಿನ ಹೆಂಗಸರನ್ನೆಲ್ಲ ಕರೆದುಕೊಂಡು ಮಗಳ ರೂಮು ತೋರಿಸಲು ಬಂದಳು. ಬಾಗಿಲಲ್ಲಿ ಕಾವಲುಗಾರ ತಡೆದ. ಧೂಳು ಒಳಗೆ ಹೋಗಬಾರದು. ಕೆಂಪು ಕಾಲುಗಳ ಆ ಗುಂಪು ಗಾಜಿನ ಹೊರಗೇ ನಿಂತಿತು. ದ್ಯಾಮಕ್ಕ ಗಾಜಿಗೆ ಮೂಗು ಒತ್ತಿ ನೋಡಿದಳು. ಹೊಳೆಮ್ಮ ಹೊರಗೆ ಬಂದಾಗ ಕೇಳಿದಳು, "ಒಳಗ ಚಳಿ ಐತೇನ?"

"ಹೂಂ ದೊಡ್ಡವ್ವ. ಕಂಪ್ಯೂಟರಿಗೆ ಬಿಸಿ ಆಗಬಾರದಂತ."

"ನಿನಗೂ ಬಿಸಿ ಆಗಂಗಿಲ್ಲಲ್ಲ, ಅಷ್ಟ ಸಾಕು ಬಿಡು" ಎಂದು ದ್ಯಾಮಕ್ಕ ನಕ್ಕಳು. ಹೆಂಗಸರೆಲ್ಲ ಬಹಳ ಹೊತ್ತು ನಗುತ್ತಾ, ತೋರಿಸುತ್ತಾ, ಮಾತಾಡುತ್ತಾ ನಿಂತಿದ್ದರು.

ಪ್ಲಾಂಟು ಪೂರ್ತಿ ವೇಗದಲ್ಲಿ ಓಡತೊಡಗಿದ ಮೇಲೆ ಗ್ಯಾಂಗಿನ ಮೇಸ್ತ್ರಿ ಕೆಂಚಣ್ಣ ರಾಶಿಯ ಬಳಿ ಬಂದು, ಯಾರ ಮುಖವನ್ನೂ ನೋಡದೆ ಹೇಳಿದ: "ಸೋಮವಾರದಿಂದ ಬರಬ್ಯಾಡ್ರಿ. ಕೈಯಿಂದ ಒಡಿಯೋದು ಬಂದ್ ಆತು."

ಹೆಂಗಸರು ಮೊದಲು ಹೋದದ್ದು ಆಫೀಸಿಗಲ್ಲ, ಹೊಳೆಮ್ಮನ ಬಳಿಗೆ. ಶೆಡ್ಡಿನ ಮುಂದೆ ಅವಳು ಡ್ಯೂಟಿ ಮುಗಿಸಿ ಬರುವುದನ್ನೇ ಕಾಯುತ್ತಿದ್ದರು. ದ್ಯಾಮಕ್ಕ ಎಲ್ಲರ ಪರವಾಗಿ ಮಾತಾಡಿದಳು.

"ಆ ಮಷಿನ್ ನೀನ ನಡಸ್ತಿ ಅಲ್ಲವ್ವ?"

"ಹೂಂ."

"ಹಂಗಾರ ಒಂದಿಷ್ಟು ನಿಧಾನ ಓಡಸು. ನಮಗೂ ಒಂದಿಷ್ಟು ಕಲ್ಲು ಉಳೀಲಿ."

ವೇಗ ಹೊಳೆಮ್ಮನ ಕೈಯಲ್ಲಿತ್ತು, ನಿಜ. ಪರದೆಯ ಮೇಲೆ ಒಂದು ಅಂಕಿ ಬದಲಿಸಿದರೆ ಸಾಕು, ಬೆಲ್ಟು ನಿಧಾನವಾಗುತ್ತದೆ. ಆದರೆ ಆ ಅಂಕಿ ಎಷ್ಟಿರಬೇಕು ಎಂದು ಹೇಳುವವರು ಬೇರೆ ಇದ್ದರು. ಅದನ್ನು ಅವರಿಗೆ ತಿಳಿಸಿ ಹೇಳಲು ಅವಳು ಪ್ರಯತ್ನಿಸಿದಳು. ಹೆಂಗಸರು ಪೂರ್ತಿ ಕೇಳಿದರು. ಆದರೆ ನಂಬಿದ ಹಾಗೆ ಕಾಣಲಿಲ್ಲ.

ಮರುದಿನ ಅವಳು ವೀರೇಶನ ಬೆನ್ನು ಬಿದ್ದಳು. ಬೆಲ್ಟಿನ ಮೇಲೆ ಅದಿರಿನ ಜೊತೆ ಕಟ್ಟಿಗೆ ತುಂಡು, ಗೋಣಿ ಚೂರು, ಕಬ್ಬಿಣದ ಸರಳು ಬರುತ್ತಿದ್ದವು. ಅವು ಜರಡಿಯನ್ನು ಹರಿದುಹಾಕುತ್ತಿದ್ದವು. ಬೆಲ್ಟಿನ ಪಕ್ಕ ನಿಂತು ಅವನ್ನು ಆರಿಸಿ ತೆಗೆಯಲು ಜನ ಬೇಕು, ಆ ಕೆಲಸ ಈ ಹೆಂಗಸರಿಗೇ ಕೊಡಿ ಎಂದು ಕೇಳಿದಳು. ವೀರೇಶ್ ಕೆಟ್ಟ ಮನುಷ್ಯನಲ್ಲ. ಮೇಲಿನವರಿಗೆ ಹೇಳಿ ಕೆಲವರಿಗೆ ಮಾತ್ರ ಒಪ್ಪಿಗೆ ತಂದ. ಉಳಿದವರು ಗಂಟುಮೂಟೆ ಕಟ್ಟಿ ತಮ್ಮ ತಮ್ಮ ಊರುಗಳಿಗೆ ಹೋದರು. ಕೆಲವರು ಹೊಳೆಮ್ಮನಿಗೆ ಹೇಳಿ ಹೋದರು, ಕೆಲವರು ಹೇಳದೇ ಹೋದರು.

ಉಳಿಸಿಕೊಂಡವರಲ್ಲಿ ಬಸಕ್ಕನ ಹೆಸರಿತ್ತು, ದ್ಯಾಮಕ್ಕನದು ಇರಲಿಲ್ಲ. ಬಸಕ್ಕ ಮಗಳಿಗೆ ಹೇಳಿದಳು: "ನನ್ನ ಮೊಣಕಾಲು ದಿನಪೂರ್ತಿ ನಿಲ್ಲಾಕ ಕೇಳಂಗಿಲ್ಲ. ಅದರ ಮ್ಯಾಲ ಮಗಳ ಕೈಕೆಳಗ ದುಡಿಯೋದು ನನಗೆ ಒಂಥರಾ ಆಗ್ತದ. ದ್ಯಾಮಕ್ಕನ ಮಗ ಸೊಸಿ ಎಲ್ಲೋ ಹೋಗಿ ಕುಂತಾರ, ಮೊಮ್ಮಗಳು ಸ್ನೇಹಾ ಆಕಿ ಕೊರಳಿಗೆ ಬಿದ್ದಾಳ. ನನ್ನ ಜಾಗ ದ್ಯಾಮಕ್ಕಗ ಕೊಡು." ಹೊಳೆಮ್ಮ ಹಾಗೇ ಮಾಡಿದಳು.

ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತದೆ. ಏನಾದರೂ ಅವಘಡ ಆದರೆ ಯಾರು ಎಲ್ಲಿ ನಿಂತಿದ್ದರೂ ಹಗ್ಗ ಎಳೆದರೆ ಬೆಲ್ಟು ನಿಲ್ಲಬೇಕು. ಹೊಸ ಕೆಲಸದ ಮೊದಲ ದಿನ ಹೊಳೆಮ್ಮ ತಾನೇ ಹೋಗಿ ಹೆಂಗಸರಿಗೆ ಅದನ್ನು ತೋರಿಸಿದಳು. ಒಬ್ಬೊಬ್ಬರ ಕೈಯಿಂದಲೂ ಎಳೆಸಿದಳು. ಬೆಲ್ಟು ಗಕ್ಕನೆ ನಿಂತಾಗ ದ್ಯಾಮಕ್ಕ ಬೆಚ್ಚಿ, "ಅಯ್ಯ, ನಾ ಹೇಳಿದ್ರ ಕೇಳ್ತದಲ್ಲಲೇ ಇದು!" ಎಂದಳು.

ಆ ಮಳೆಗಾಲದಲ್ಲಿ ತೊಂದರೆ ಶುರುವಾಯಿತು. ಹಗ್ಗದ ಸ್ವಿಚ್ಚುಗಳೊಳಗೆ ಒದ್ದೆ ಧೂಳು ಕೂತು, ಯಾರೂ ಮುಟ್ಟದೇ ಇದ್ದರೂ ಬೆಲ್ಟು ನಿಲ್ಲತೊಡಗಿತು. ಒಂದು ಬೆಲ್ಟು ನಿಂತರೆ ಇಡೀ ಪ್ಲಾಂಟು ನಿಲ್ಲುತ್ತದೆ. ಕೆಳಗೆ ಟಿಪ್ಪರುಗಳು ಹಾರ್ನು ಹೊಡೆಯುತ್ತವೆ, ಬಂದರಿನಲ್ಲಿ ಹಡಗು ಕಾಯುತ್ತಿದೆ ಎಂದು ಮೇಲಿನಿಂದ ಫೋನು ಬರುತ್ತದೆ. ಧೂಳು ಹೋಗದಂಥ ಸ್ವಿಚ್ಚು ತರಿಸಬೇಕು ಎಂದು ಹೊಳೆಮ್ಮ ಹೇಳಿದಳು. ವೀರೇಶ್ ಒಪ್ಪಿದ, ಆರ್ಡರ್ ಹಾಕಿದ್ದೇನೆ ಎಂದ. ಸ್ವಿಚ್ಚು ಬರಲಿಲ್ಲ. ಬೆಲ್ಟು ನಿಲ್ಲುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ವೀರೇಶ್ ಕಂಟ್ರೋಲ್ ರೂಮಿಗೆ ಬಂದು ಅವಳ ಕುರ್ಚಿಯ ಹಿಂದೆ ನಿಂತ.

"ಹೊಳೆಮ್ಮಾ, ಪ್ರೋಗ್ರಾಮಿನಾಗ ಆ ಹಗ್ಗದ ಸ್ವಿಚ್ ಬೈಪಾಸ್ ಮಾಡಿಬಿಡ್ರಿ."

"ಸರ್, ಹಂಗ ಮಾಡಿದ್ರ ಯಾರು ಎಳದ್ರೂ ಬೆಲ್ಟ್ ನಿಲ್ಲಂಗಿಲ್ಲ."

"ಗೊತ್ತೈತ್ರಿ. ಹೊಸ ಸ್ವಿಚ್ ಬರೋತನ ಅಷ್ಟ. ಬಂದ ದಿನ ತೆಗದ್ಬಿಡೋಣು. ಮ್ಯಾಲಿನವ್ರು ನನ್ನ ಜೀವ ತಿನ್ನಾಕತ್ಯಾರ."

"ಗಂಗಾಂಬಿಕಾ ಮೇಡಂ ನಿಮಗೂ ಪಾಠ ಮಾಡ್ಯಾರಲ್ಲ ಸರ್."

ವೀರೇಶನ ಮುಖ ಸಪ್ಪಗಾಯಿತು. "ಮೇಡಂಗ ಯಾವ ಹಡಗೂ ಕಾಯಂಗಿಲ್ರಿ" ಎಂದ. ಅಲ್ಲಿಂದ ಕದಲಲಿಲ್ಲ.

ಹೊಳೆಮ್ಮ ಮಾಡಿದಳು. ಪರದೆಯ ಮೇಲೆ ಒಂದು ಗೆರೆ ಎಳೆದು, ಇನ್ನೊಂದನ್ನು ಮುಚ್ಚಿದಳು. ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಪ್ಲಾಂಟು ಆ ದಿನ ಒಮ್ಮೆಯೂ ನಿಲ್ಲಲಿಲ್ಲ.

ಹೆಂಗಸರಿಗೆ ಹೇಳಬೇಕು ಎಂದು ಅವಳಿಗೆ ಅನ್ನಿಸಿತು. ಕೆಂಚಣ್ಣನ ಬಳಿ ಹೋಗಿ, ಹಗ್ಗ ಸದ್ಯ ಕೆಲಸ ಮಾಡುವುದಿಲ್ಲ, ಎಲ್ಲರಿಗೂ ಹೇಳು ಎಂದಳು. ಅವನು ಬೀಡಿ ಆರಿಸಿ, "ಹೇಳಿದ್ರ ಹೆದರ್ತಾರವ್ವ, ನಾಳಿಂದ ಬರಂಗಿಲ್ಲ. ಇರೋ ಕೆಲಸನೂ ಹೋಗ್ತದ ಅವ್ರಿಗೆ. ನಾನ ಅಲ್ಲೇ ನಿಂತಿರ್ತೀನಿ, ನೋಡಿಕೊಂತೀನಿ ಬಿಡು" ಎಂದ. ಅವಳು ಬಿಟ್ಟಳು. ಅದೇ ಹೆಂಗಸರ ಜೊತೆ ಮಧ್ಯಾಹ್ನ ಬುತ್ತಿ ಬಿಚ್ಚಿ ಊಟಕ್ಕೆ ಕುಳಿತಾಗಲೂ ಬಾಯಿ ಬಿಡಲಿಲ್ಲ.

ಮಳೆ ಹಿಂದಾದ ಮೇಲಿನ ಒಂದು ಮಧ್ಯಾಹ್ನ. ಬೆಲ್ಟಿನ ಮೇಲೆ ಬಂದ ಗೋಣಿ ಚೂರೊಂದು ಉರುಳೆಯ ಹತ್ತಿರ ಸಿಕ್ಕಿಕೊಂಡಿತ್ತು. ದ್ಯಾಮಕ್ಕ ಅದನ್ನು ಎಳೆಯಲು ಬಲಗೈ ಚಾಚಿದಳು. ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ಹೊಳೆಮ್ಮನಿಗೆ ಮೊದಲು ಕಂಡದ್ದು ಪರದೆಯ ಮೇಲೆ ಮೋಟರಿನ ಕರೆಂಟು ತುಸು ಏರಿದ್ದು. ಆಮೇಲೆ ಗಾಜಿನಾಚೆ ಹೆಂಗಸರು ಓಡಾಡುವುದು ಕಂಡಿತು. ಗಾಜು ದಪ್ಪ, ಕೂಗು ಕೇಳಿಸುವುದಿಲ್ಲ. ಅವಳು ಕೆಂಪು ಗುಂಡಿ ಒತ್ತುವ ಹೊತ್ತಿಗೆ ತಡವಾಗಿತ್ತು. ಕೆಂಚಣ್ಣ ಅಲ್ಲಿರಲಿಲ್ಲ. ಟಿಪ್ಪರ್ ಡ್ರೈವರುಗಳ ಜಗಳ ಬಿಡಿಸಲು ಕೆಳಗೆ ಹೋಗಿದ್ದ.

ಬಳ್ಳಾರಿಯ ಆಸ್ಪತ್ರೆಯಲ್ಲಿ ದ್ಯಾಮಕ್ಕನ ಬಲಗೈಯನ್ನು ಮೊಣಕೈ ಮೇಲಕ್ಕೆ ತೆಗೆಯಬೇಕಾಯಿತು.

ದ್ಯಾಮಕ್ಕ ಎಚ್ಚರಗೊಂಡು ಮಾತಾಡುವಂತಾದ ಮೇಲೆ ಹೊಳೆಮ್ಮ ನೋಡಲು ಹೋದಳು. ಮಂಚದ ಕೆಳಗೆ ಸ್ನೇಹಾ ಚಾಪೆ ಹಾಸಿಕೊಂಡು ಕುಳಿತಿದ್ದಳು. ಆಗ ಒಂಬತ್ತನೆಯ ತರಗತಿಯ ಹುಡುಗಿ. ದ್ಯಾಮಕ್ಕ ಹೊಳೆಮ್ಮನನ್ನು ಕಂಡ ಕೂಡಲೇ ಎಡಗೈಯಿಂದ ಅವಳ ಸೆರಗು ಹಿಡಿದುಕೊಂಡಳು.

"ಹೊಳೀ, ನಾ ಹಗ್ಗ ಎಳದಿದ್ದೆ. ಈ ಎಡಗೈಲೆ ಎಳದೆ, ಜೋತುಬಿದ್ದು ಎಳದೆ. ಆಫೀಸಿನವ್ರು ಬಂದು ನೀ ಎಳೀಲೇ ಇಲ್ಲ, ಕಂಪ್ಯೂಟರಿನಾಗ ಹಂಗ ಐತಿ ಅಂತಾರ. ನೀನಾರ ಹೇಳವ್ವ ಅವ್ರಿಗೆ. ನಾ ಯಾಕ ಸುಳ್ಳು ಹೇಳ್ಲಿ?"

ಹೊಳೆಮ್ಮ ಮಂಚದ ಅಂಚಿಗೆ ಕುಳಿತಳು. ಏನೋ ಸಮಾಧಾನ ಹೇಳಲು ಬಂದವಳು ಸತ್ಯ ಹೇಳಿದಳು. "ನೀ ಎಳದಿದ್ದಿ ದೊಡ್ಡವ್ವ. ಎಳದ್ರೂ ನಿಲ್ಲದಂಗ ನಾನ ಮಾಡಿಟ್ಟಿದ್ದೆ."

ದ್ಯಾಮಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಸೆರಗು ಬಿಟ್ಟು ಗೋಡೆಯ ಕಡೆ ತಿರುಗಿದಳು. ಹೊಳೆಮ್ಮ ಸಂಜೆಯವರೆಗೂ ಕುಳಿತಿದ್ದಳು. ದ್ಯಾಮಕ್ಕ ಈ ಕಡೆ ತಿರುಗಲಿಲ್ಲ.

ಅವಘಡದ ವಿಚಾರಣೆಗೆ ಸರ್ಕಾರದ ಗಣಿ ಸುರಕ್ಷತಾ ಅಧಿಕಾರಿ ಬರುವ ಹಿಂದಿನ ದಿನ ವೀರೇಶ್ ಶೆಡ್ಡಿಗೆ ಬಂದ. ಅಲ್ಲಿಯವರೆಗೆ ಅವನು ಆ ಸಾಲಿನೊಳಗೆ ಕಾಲಿಟ್ಟವನಲ್ಲ. ಬಸಕ್ಕ "ಕುಂದ್ರಿ ಸರ್" ಎಂದು ಚಾಪೆ ಹಾಸಿದಳು. ಅವನು ನಿಂತೇ ಮಾತಾಡಿದ. ಬೈಪಾಸ್ ಆಗಲೇ ತೆಗೆಸಿದ್ದಾಗಿತ್ತು. ಹೊಸ ಸ್ವಿಚ್ಚುಗಳೂ ಬಂದಿದ್ದವು. ಕಂಪನಿ ಕಡಪಾದ ಕಡೆ ಇನ್ನೂ ದೊಡ್ಡ ಪ್ಲಾಂಟು ಹಾಕುತ್ತಿದೆ, ಅದರ ಕಂಟ್ರೋಲಿಗೆ ಅವಳ ಹೆಸರು ಹೋಗಿದೆ, ಮೊದಲು ಚೆನ್ನೈಯಲ್ಲಿ ಹೊಸ ಸಿಸ್ಟಮ್ಮಿನ ಟ್ರೇನಿಂಗು ಇದೆ ಎಂದ.

"ನೀವೇನೂ ಸುಳ್ಳು ಹೇಳಬ್ಯಾಡ್ರಿ. ಕೇಳಿದ್ದಕ್ಕ ಅಷ್ಟ ಉತ್ತರ ಹೇಳ್ರಿ, ಸಾಕು."

ಅವನು ಹೋದ ಮೇಲೆ ಹೊಳೆಮ್ಮ ತಾಯಿಯ ಮುಖ ನೋಡಿದಳು. ಬಸಕ್ಕ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

"ಹೇಳಬ್ಯಾಡ" ಎಂದಳು ಬಸಕ್ಕ. "ಆಕಿ ಕೈ ಹೋತು. ನಿನ್ನ ಕೆಲಸನೂ ಹೋದ್ರ ಆಕಿ ಕೈ ಬರ್ತದೇನ?"

"ಆಕಿ ಸುಳ್ಳು ಹೇಳಾಕತ್ಯಾಳ ಅಂತ ಬರೀತಾರ ಯವ್ವ."

"ಬರೀಲಿ. ನಮ್ಮಂಥೋರ ಮ್ಯಾಲ ಎಷ್ಟೋ ಬರದಾರ." ಬಸಕ್ಕನ ಕೈ ನಿಂತಿತು. "ಹೊಳೀ, ನಿಮ್ಮಪ್ಪ ಕೆಮ್ಮಿ ಸತ್ತ. ನನ್ನ ಮೊಣಕಾಲು ಹೋದ್ವು. ನೀ ಒಬ್ಬಾಕಿ ತಂಪಿನಾಗ ಕುಂತಿ ಅಂತ ನಾ ಬದುಕೀನಿ. ಹೇಳಬ್ಯಾಡ."

ಹೊಳೆಮ್ಮ ಹೇಳಿದಳು. ಹೊರಗಿನಿಂದ ಬಂದ ಅಧಿಕಾರಿಯ ಮುಂದೆ ನಿಂತು, ಹಗ್ಗದ ಸ್ವಿಚ್ಚು ಬೈಪಾಸ್ ಆಗಿತ್ತು, ಹಾಗಾಗಿ ಎಳೆದರೂ ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ, ಆ ಬೈಪಾಸ್ ಮಾಡಿದವಳು ನಾನು ಎಂದಳು. ಯಾರು ಹೇಳಿದ್ದಕ್ಕೆ ಮಾಡಿದಿರಿ ಎಂದು ಅವರು ಕೇಳಿದರು. ವೀರೇಶ್ ಸರ್ ಎಂದಳು. ವೀರೇಶ್ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ನೆಲ ನೋಡುತ್ತಾ, "ನಾನು ಹಾಗೆ ಹೇಳಿಲ್ಲ" ಎಂದ. ಬಾಯಿಮಾತಿನ ಆರ್ಡರಿಗೆ ಸಾಕ್ಷಿ ಇರಲಿಲ್ಲ. ಕೆಂಚಣ್ಣನನ್ನು ಕರೆಸಿದರು. ತನಗೆ ಕಂಪ್ಯೂಟರಿನ ವಿಷಯ ಏನೂ ತಿಳಿಯದು ಎಂದು ಅವನು ಕೈಮುಗಿದ.

ಹಗ್ಗ ಎಳೆದದ್ದು ನಿಜ, ದ್ಯಾಮಕ್ಕನ ಅಜಾಗರೂಕತೆ ಇದರಲ್ಲಿ ಇಲ್ಲ ಎಂದು ತೀರ್ಮಾನವಾಯಿತು. ಅಷ್ಟು ಮಾತ್ರ ಹೊಳೆಮ್ಮನಿಗೆ ಸಿಕ್ಕ ಸಮಾಧಾನ. ತಪ್ಪು ಕಂಟ್ರೋಲ್ ರೂಮಿನ ಆಪರೇಟರದು ಎಂದಾಯಿತು. ಆ ವಾರವೇ ಅವಳನ್ನು ತೆಗೆದರು. ವೀರೇಶನನ್ನು ಬೇರೆ ಗಣಿಗೆ ಹಾಕಿದರು. ಹೋಗುವ ಮುಂಚೆ ಅವನು ಒಮ್ಮೆ ಫೋನ್ ಮಾಡಿದ. ಹಲೋ ಎಂದ ಮೇಲೆ ಏನೂ ಹೇಳದೆ ಇಟ್ಟುಬಿಟ್ಟ.

ತೋರಣಗಲ್ಲು, ಕುರೆಕುಪ್ಪದ ಕಡೆ ಹೊಸ ಹೊಸ ಪ್ಲಾಂಟುಗಳು ಏಳುತ್ತಿದ್ದ ಕಾಲ ಅದು. ಅವಳಂತೆ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು. ಒಂದೆರಡು ಕಡೆ ಕರೆದರು. ಪರೀಕ್ಷೆ ಚೆನ್ನಾಗಿ ಮಾಡಿದಳು. ಆಮೇಲೆ ಹೆಸರು ಕೇಳಿ, ಎಲ್ಲಿ ಕೆಲಸದಲ್ಲಿದ್ದಿರಿ ಎಂದು ಕೇಳಿ ವಾಪಸು ಕಳಿಸಿದರು. ಗಣಿಯ ಜನ ಒಬ್ಬರಿಗೊಬ್ಬರು ಪರಿಚಯ. ಪ್ರೋಗ್ರಾಮಿನಲ್ಲಿ ಕೈಯಾಡಿಸಿ ಒಬ್ಬಳ ಕೈ ತೆಗೆದವಳು ಎಂದು ಕೆಲವರು, ಕಂಪನಿಯ ಗುಟ್ಟು ಅಧಿಕಾರಿಗೆ ಹೇಳಿದವಳು ಎಂದು ಇನ್ನು ಕೆಲವರು. ಎರಡರಲ್ಲಿ ಯಾವ ಹೆಸರು ಹೊತ್ತವರಿಗೂ ಕೆಲಸ ಸಿಗುವುದಿಲ್ಲ.

ಶೆಡ್ಡು ಖಾಲಿ ಮಾಡಿ ತಾಯಿ ಮಗಳು ಎಮ್ಮಿಗನೂರಿಗೆ ಮರಳಿದರು. ಬಸಕ್ಕ ಮುಂದಿನ ಮಳೆಗಾಲದವರೆಗೂ ಮಗಳೊಡನೆ ಊಟಕ್ಕೆ ಕರೆಯುವಷ್ಟೇ ಮಾತಾಡಿದಳು. ಹೊಳೆಮ್ಮ ಕಂಪ್ಲಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿಗೆ ಸೇರಿದಳು. ಕಬ್ಬು, ಭತ್ತದ ರೈತರು ಸುಟ್ಟ ಸ್ಟಾರ್ಟರುಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದರು. ಅವಳು ಬಿಚ್ಚಿ, ಉಪ್ಪುಕಾಗದದಿಂದ ಕಿಲುಬು ಉಜ್ಜಿ, ಕಾಯಿಲ್ ಬದಲಿಸಿ ಕೊಡುತ್ತಿದ್ದಳು. ಕೈಗೆ ಕೆಲಸವಿತ್ತು. ತಲೆಗೆ ಏನೂ ಇರಲಿಲ್ಲ. ಗಂಗಾಂಬಿಕಾ ಮೇಡಂ ಅವರನ್ನು ನೋಡಲು ಹೊಸಪೇಟೆಗೆ ಹೋಗಬೇಕೆಂದು ಎರಡು ಸಲ ಬಸ್ ನಿಲ್ದಾಣದವರೆಗೆ ಬಂದು ತಿರುಗಿ ಹೋದಳು.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ದ್ಯಾಮಕ್ಕ ಎಮ್ಮಿಗನೂರಿನ ಮನೆಯ ಬಾಗಿಲಲ್ಲಿ ಬಂದು ನಿಂತಳು. ಬಲಗಡೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದಳು. ಜೊತೆಗೆ ಸ್ನೇಹಾ. ಬಸಕ್ಕ ಓಡಿಹೋಗಿ ಅವಳನ್ನು ಅಪ್ಪಿಕೊಂಡು ಅತ್ತಳು. ದ್ಯಾಮಕ್ಕ ಅಳಲಿಲ್ಲ. ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಹೊಳೆಮ್ಮನನ್ನು ಕರೆದಳು.

"ಈಕಿ ಹತ್ತನೇತ್ತ ಪಾಸಾದ್ಲು. ನೀ ಓದಿದ್ದ ಓದು ಓದ್ತಾಳಂತ. ನಿನಗ ಗೊತ್ತಿದ್ದಿದ್ದು ಕಲಸು."

ಹೊಳೆಮ್ಮ ತಲೆ ಅಲ್ಲಾಡಿಸಿದಳು. "ಬ್ಯಾಡ ದೊಡ್ಡವ್ವ. ಟೀಚರ್ ಮಾಡಸು, ನರ್ಸ್ ಮಾಡಸು. ಇದು ಬ್ಯಾಡ."

"ಯಾಕ ಬ್ಯಾಡ? ನಮ್ಮ ಕಡಿ ಈಗ ಇರೋ ಕೆಲಸನ ಅದು. ಕಲ್ಲು ಒಡಿಯಾಕ ಈಗ ಕಲ್ಲೆಲ್ಲಿ ಬಿಟ್ಟಾರ?" ದ್ಯಾಮಕ್ಕ ಎಡಗೈಯಿಂದ ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದಳು: "ನಿನ್ನ ಮ್ಯಾಲಿನ ಸಿಟ್ಟು ನನಗ ಐತಿ ಹೊಳೀ. ಅದು ಹೋಗಂಗಿಲ್ಲ, ಹೋತು ಅಂತ ನಾ ಹೇಳಂಗೂ ಇಲ್ಲ. ಆದ್ರ ಈಕಿಗೆ ಕಲಸೋರು ಬ್ಯಾರೆ ಯಾರದಾರ ಹೇಳು."

ಸ್ನೇಹಾಳನ್ನು ಅದೇ ಪಾಲಿಟೆಕ್ನಿಕ್‌ಗೆ ಸೇರಿಸಿದರು. ಪ್ರತಿ ಭಾನುವಾರ ಅವಳು ಹೊಸಪೇಟೆಯಿಂದ ಬಸ್ಸಿನಲ್ಲಿ ಕಂಪ್ಲಿಗೆ ಬರುತ್ತಿದ್ದಳು. ಮುಚ್ಚಿದ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹಳೆಯ ಸ್ಟಾರ್ಟರುಗಳನ್ನು ಬಿಚ್ಚಿಟ್ಟು ಹೊಳೆಮ್ಮ ಪಾಠ ಹೇಳುತ್ತಿದ್ದಳು. ಹುಡುಗಿ ಚುರುಕು. ಒಂದು ಭಾನುವಾರ ಅವಳು ತನ್ನಷ್ಟಕ್ಕೇ ಒಂದು ಸರ್ಕ್ಯೂಟಿನ ತಪ್ಪು ಹುಡುಕಿದಾಗ ಹೊಳೆಮ್ಮ ಜೋರಾಗಿ ನಕ್ಕು, "ಮಸ್ತ್!" ಎಂದುಬಿಟ್ಟಳು. ಆ ನಗು ಅವಳಿಗೇ ಅಪರಿಚಿತವಾಗಿ ಕೇಳಿಸಿತು. ದ್ಯಾಮಕ್ಕನ ಮೊಮ್ಮಗಳ ಮುಂದೆ ತಾನು ಹೀಗೆ ಸಂತೋಷಪಡಬಹುದೇ ಎಂದು ಅವಳಿಗೆ ನಾಚಿಕೆಯಾಯಿತು. ಉಳಿದ ಪಾಠವನ್ನು ತಲೆ ತಗ್ಗಿಸಿಯೇ ಹೇಳಿದಳು.

ಡಿಪ್ಲೊಮಾ ಮುಗಿದ ವರ್ಷವೇ ಸ್ನೇಹಾಳಿಗೆ ಕುರೆಕುಪ್ಪದ ಕಡೆಯ ಒಂದು ಕಾರ್ಖಾನೆಯಲ್ಲಿ ಕಂಟ್ರೋಲ್ ರೂಮಿನ ಕೆಲಸ ಸಿಕ್ಕಿತು. ಸಿಹಿ ಹಿಡಿದುಕೊಂಡು ಕಂಪ್ಲಿಯ ಅಂಗಡಿಗೆ ಬಂದಳು. ಇಂಟರ್‌ವ್ಯೂನಲ್ಲಿ ಏನೇನು ಕೇಳಿದರು ಎಂದು ಉತ್ಸಾಹದಿಂದ ಹೇಳುತ್ತಿದ್ದವಳು ಒಂದು ಕಡೆ ತಡವರಿಸಿ ನಿಂತಳು.

"ಇದನ್ನೆಲ್ಲ ಎಲ್ಲಿ ಕಲತಿ, ಕಾಲೇಜಿನಾಗ ಇಷ್ಟು ಹೇಳಿಕೊಡಂಗಿಲ್ಲಲ್ಲ ಅಂತ ಕೇಳಿದ್ರು ಅಕ್ಕ."

"ಏನಂದಿ?"

ಸ್ನೇಹಾ ಸಿಹಿಯ ಡಬ್ಬಿಯ ಮುಚ್ಚಳ ತಿರುವುತ್ತಾ ಕುಳಿತಳು. "ಪುಸ್ತಕ ಓದಿ ಕಲತೀನ್ರಿ ಅಂದೆ. ನಿನ್ನ ಹೆಸರು ಹೇಳಲಿಲ್ಲ."

"ಹೇಳಬ್ಯಾಡ" ಎಂದಳು ಹೊಳೆಮ್ಮ. "ಚಲೋ ಮಾಡಿದಿ. ಎಲ್ಲೂ ಹೇಳಬ್ಯಾಡ."

ರೈತನೊಬ್ಬ ಸೈಕಲ್ ನಿಲ್ಲಿಸಿ ಸ್ಟಾರ್ಟರ್ ಬಿಚ್ಚತೊಡಗಿದ. ಹೊಳೆಮ್ಮ ಎದ್ದು ಕೈ ಒರೆಸಿಕೊಂಡು ಅವನ ಕಡೆ ಹೋದಳು. ಸ್ನೇಹಾ ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದು, ಬಸ್ಸಿನ ಹೊತ್ತಾಯಿತೆಂದು ಹೊರಟಳು. ಕೆಲಸಕ್ಕೆ ಸೇರಿದ ಮೇಲೆ ಅವಳಿಗೆ ಭಾನುವಾರಗಳಲ್ಲೂ ಶಿಫ್ಟು ಬಿತ್ತು. ಮೊದಮೊದಲು ಫೋನ್ ಮಾಡುತ್ತಿದ್ದಳು. ಆಮೇಲೆ ಅದೂ ಕಡಿಮೆಯಾಯಿತು.